ಸಾಕು ಹಾವಿನ ಹೊಂದಿಕೆ ಮತ್ತು ಆಹಾರ

ಸಾಕು ಹಾವಿನ ಹೊಂದಿಕೆ ಎಂದರೆ ಮನೆಗೆ ಹೊಸದಾಗಿ ಬಂದ ಹಾವು ತನ್ನ ಪೆಟ್ಟಿಗೆಯ ಶಾಖ, ತೇವಾಂಶ, ವಾಸನೆ ಮತ್ತು ಅಡಗುತಾಣಗಳಿಗೆ ಒಗ್ಗಿಕೊಂಡು, ಕ್ರಮವಾಗಿ ಆಹಾರ ಸೇವಿಸಲು ತೊಡಗುವವರೆಗಿನ ಅವಧಿ. ಕೆಲವು ಹಾವುಗಳಿಗೆ ಇದಕ್ಕೆ ಒಂದು ವಾರ ಸಾಕಾಗುತ್ತದೆ, ಕೆಲವಕ್ಕೆ ತಿಂಗಳುಗಳೇ ಬೇಕಾಗುತ್ತವೆ. ಈ ಅವಧಿಯಲ್ಲಿ ಹಾವು ಆಹಾರವನ್ನು ನಿರಾಕರಿಸುವುದು ಸಾಮಾನ್ಯ ಸಂಗತಿ. ಅದಕ್ಕೆ ಬಹುತೇಕ ಭಯ ಅಥವಾ ತಪ್ಪಾದ ಉಷ್ಣತೆ ಕಾರಣವಾಗಿರುತ್ತದೆ, ರೋಗವಲ್ಲ. ಆದ್ದರಿಂದ ಆಹಾರವನ್ನು ಬದಲಿಸುವ ಮೊದಲು ನೆಲೆಯನ್ನು ಸರಿಪಡಿಸಬೇಕೆಂಬುದು ಸರೀಸೃಪ ಪಾಲನೆಯ ಮೂಲ ನಿಯಮ.

ಕಾನೂನಿನ ಮಿತಿ

ಭಾರತದಲ್ಲಿ ಯಾವ ಹಾವನ್ನು ಸಾಕಬಹುದು ಎಂಬ ಪ್ರಶ್ನೆ ಹೇಗೆ ಸಾಕಬೇಕು ಎಂಬ ಪ್ರಶ್ನೆಗಿಂತ ಮೊದಲು ಬರುತ್ತದೆ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಪ್ರಕಾರ ನಾಗರಹಾವು, ಹೆಬ್ಬಾವು, ಕೇರೆಹಾವು ಮೊದಲಾದ ದೇಶೀಯ ಹಾವುಗಳನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು ಅಥವಾ ಮಾರುವುದು ಅಪರಾಧ. ಯಾದಗಿರಿ ಜಿಲ್ಲೆಯ ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಬೆಳೆ ಹಬ್ಬಿದೆ. ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ದೋರನಹಳ್ಳಿಯಂಥ ಊರುಗಳಲ್ಲಿ ಬಣವೆ ಕೀಳುವಾಗಲೋ ಹಳೆಯ ಗೋಡೆ ಕೆಡವುವಾಗಲೋ ಹಾವು ಸಿಕ್ಕರೆ ಅದನ್ನು ಕೊಡದಲ್ಲಿ ಹಾಕಿಟ್ಟು ಸಾಕಲು ಯತ್ನಿಸುವುದು ಕಾನೂನಿಗೂ ವಿರುದ್ಧ, ಹಾವಿಗೂ ಮಾರಕ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸುವುದೇ ಸರಿಯಾದ ಮಾರ್ಗ.

ಈ ವಿಷಯದಲ್ಲಿ ಮಣ್ಣುಮುಕ್ಕ ಹಾವಿನ ಪಾಡು ವಿಶೇಷವಾಗಿ ದಾರುಣವಾದುದು. ಮೊಂಡು ಬಾಲದಿಂದಾಗಿ ‘ಎರಡು ತಲೆ ಹಾವು’ ಎಂದು ಕರೆಯಲ್ಪಡುವ ಇದನ್ನು ಮನೆಯಲ್ಲಿಟ್ಟರೆ ಸಂಪತ್ತು ಬರುತ್ತದೆಂಬ ನಂಬಿಕೆಯ ಬೆನ್ನಲ್ಲಿ ದೊಡ್ಡ ಅಕ್ರಮ ವ್ಯಾಪಾರವೇ ನಡೆಯುತ್ತದೆ. ಇದು ವಿಷರಹಿತ, ಸಡಿಲ ಮಣ್ಣಿನೊಳಗೆ ಹುದುಗಿದ್ದು ಇಲಿ ಮೊದಲಾದ ಸಣ್ಣ ಪ್ರಾಣಿಗಳನ್ನು ಹಿಡಿಯುವ ಹಾವು. ಡಬ್ಬಿಯಲ್ಲಿ ಮಣ್ಣಿಲ್ಲದೆ, ಮರೆಯಿಲ್ಲದೆ ಇಟ್ಟಾಗ ಅದು ಆಹಾರ ಬಿಟ್ಟು ಸೊರಗುತ್ತದೆ.

ಭಾರತದಲ್ಲಿ ಸಾಕಣೆಯಲ್ಲಿರುವ ಹಾವುಗಳು ವಿದೇಶಿ ಮೂಲದವು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್ ಮತ್ತು ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್ ಇವುಗಳಲ್ಲಿ ಹೆಚ್ಚು ಪರಿಚಿತ. ಬಾಲ್ ಪೈಥಾನ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. 2022ರ ತಿದ್ದುಪಡಿ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇಂಥ ಪ್ರಭೇದಗಳು ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿದವು. 2024ರ ನಿಯಮಗಳಂತೆ ಇವುಗಳ ಒಡೆತನವನ್ನು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ದಾಖಲೆಯಿಲ್ಲದ ಹಾವನ್ನು ಕೊಳ್ಳುವವರು ಕಳ್ಳಸಾಗಣೆಗೆ ಮಾರುಕಟ್ಟೆ ಒದಗಿಸುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನುಗಳಲ್ಲಿ 55 ಬಾಲ್ ಪೈಥಾನ್‌ಗಳೂ 17 ಕಾಳಿಂಗ ಸರ್ಪಗಳೂ ಪತ್ತೆಯಾದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕನ ಸಾಮಾನಿನಲ್ಲಿ 10 ಹಳದಿ ಅನಕೊಂಡಗಳು ಸಿಕ್ಕವು. ಹೀಗೆ ಚೀಲದಲ್ಲಿ ತುರುಕಿಸಿಕೊಂಡು ಬಂದ ಹಾವು ಹೊಸ ಮನೆಯಲ್ಲಿ ಉಣ್ಣದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆಹಾರ ನಿರಾಕರಣೆಯ ಕಾರಣ

ಹಾವು ಶೀತರಕ್ತ ಪ್ರಾಣಿ. ಅದರ ದೇಹದ ಉಷ್ಣತೆ ಸುತ್ತಲಿನ ಉಷ್ಣತೆಯನ್ನು ಅವಲಂಬಿಸಿದೆ, ಜೀರ್ಣಕ್ರಿಯೆಯೂ ಹಾಗೆಯೇ. ತಂಪಾದ ಸ್ಥಳದಲ್ಲಿ ನುಂಗಿದ ಬೇಟೆ ಹೊಟ್ಟೆಯಲ್ಲಿ ಅರಗದೆ ಕೊಳೆಯಬಹುದು. ಆದ್ದರಿಂದ ಸಾಕಷ್ಟು ಶಾಖ ಸಿಗದ ಹಾವು ಬೇಟೆಯನ್ನು ಮುಟ್ಟುವುದಿಲ್ಲ, ಅಥವಾ ನುಂಗಿದ್ದನ್ನು ಕಕ್ಕಿಬಿಡುತ್ತದೆ. ಹೆಬ್ಬಾವುಗಳ ಜಾತಿಯಲ್ಲಿ ಉಪವಾಸದ ವೇಳೆ ಕರುಳು ಕುಗ್ಗಿದ್ದು, ಊಟದ ನಂತರ ಕೆಲವೇ ದಿನಗಳಲ್ಲಿ ಹಿಗ್ಗಿ ಕೆಲಸಕ್ಕೆ ತೊಡಗುತ್ತದೆ. ದೇಹವೇ ಹೀಗೆ ವಿರಳ ಊಟಕ್ಕೆ ಹೊಂದಿಕೊಂಡಿರುವುದರಿಂದ ಆರೋಗ್ಯವಂತ ಹಾವಿಗೆ ಕೆಲವು ವಾರಗಳ ಉಪವಾಸ ಅಪಾಯವಲ್ಲ. ದಿನಕ್ಕೆ ಎರಡು ಹೊತ್ತು ಉಣ್ಣುವ ಮನುಷ್ಯರಿಗೆ ಇದನ್ನು ನಂಬುವುದು ಕಷ್ಟ. ಪಾಲನೆಯ ಬಹುಪಾಲು ತಪ್ಪುಗಳ ಮೂಲ ಈ ಆತಂಕವೇ.

ಎರಡನೆಯ ಕಾರಣ ಸ್ಥಳಾಂತರ. ಹಾವು ತನ್ನ ನೆಲೆಯನ್ನು ಮುಖ್ಯವಾಗಿ ವಾಸನೆಯಿಂದ ಅರಿಯುತ್ತದೆ: ನಾಲಿಗೆಯಿಂದ ಗಾಳಿಯ ಕಣಗಳನ್ನು ಹಿಡಿದು ಬಾಯಿಯ ಮೇಲ್ಭಾಗದ ಜಾಕಬ್ಸನ್ ಅಂಗಕ್ಕೆ ಮುಟ್ಟಿಸುತ್ತದೆ. ಹೊಸ ಪೆಟ್ಟಿಗೆಯಲ್ಲಿ ಪರಿಚಿತ ವಾಸನೆ ಒಂದೂ ಇರುವುದಿಲ್ಲ. ಸ್ಥಳಾಂತರದ ಪರಿಣಾಮ ಕಾಡಿನ ಹಾವುಗಳಲ್ಲಿಯೂ ಕಂಡುಬಂದಿದೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ರೇಡಿಯೊ ಸಾಧನ ಅಳವಡಿಸಿ ನಡೆಸಿದ ಅಧ್ಯಯನದಲ್ಲಿ, ದೂರಕ್ಕೆ ಸಾಗಿಸಿ ಬಿಟ್ಟ ಕಾಳಿಂಗ ಸರ್ಪ ಸ್ಥಳೀಯ ಕಾಳಿಂಗಕ್ಕಿಂತ ಹೆಚ್ಚು ಅಲೆದದ್ದು ದಾಖಲಾಗಿದೆ. ಕಾಡಿನ ಹಾವಿಗೆ ಅಲೆಯುವ ಅವಕಾಶವಾದರೂ ಇತ್ತು. ಪೆಟ್ಟಿಗೆಯಲ್ಲಿನ ಹಾವು ಗಾಜಿಗೆ ಮೂಗು ತಿಕ್ಕುತ್ತದೆ, ಇಲ್ಲವೇ ಮೂಲೆಯಲ್ಲಿ ಸುತ್ತಿಕೊಂಡು ಮಲಗುತ್ತದೆ.

ನೆಲೆಯ ಸಿದ್ಧತೆ

ಹಾವು ಬರುವ ಮೊದಲೇ ಪೆಟ್ಟಿಗೆ ಸಿದ್ಧವಾಗಿದ್ದು, ಅದರ ಉಷ್ಣತೆಯನ್ನು ಒಂದೆರಡು ದಿನ ಅಳೆದು ನೋಡಿರಬೇಕು. ಪೆಟ್ಟಿಗೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿರುವುದು ಅಗತ್ಯ. ಬಾಲ್ ಪೈಥಾನ್‌ಗೆ ಬೆಚ್ಚನೆಯ ಬದಿಯಲ್ಲಿ ಸುಮಾರು 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿಯಲ್ಲಿ 25ರಿಂದ 27 ಡಿಗ್ರಿ ಇರಬೇಕೆನ್ನುತ್ತಾರೆ. ಕಾರ್ನ್ ಸ್ನೇಕ್‌ಗೆ ಎರಡೂ ಕಡೆ ಇದಕ್ಕಿಂತ ತುಸು ಕಡಿಮೆ ಸಾಕು. ಎರಡೂ ಬದಿಗಳಲ್ಲಿ ಒಂದೊಂದು ಅಡಗುತಾಣ ಇರಬೇಕು. ಒಂದೇ ಇದ್ದರೆ ಹಾವು ಶಾಖ ಮತ್ತು ಸುರಕ್ಷತೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಬಹುತೇಕ ಹಾವುಗಳು ಸುರಕ್ಷತೆಯನ್ನು ಆರಿಸಿಕೊಂಡು ಶಾಖವಿಲ್ಲದೆ ಉಳಿಯುತ್ತವೆ. ಅಡಗುತಾಣ ಹಾವಿನ ಮೈಗೆ ಎಲ್ಲ ಕಡೆ ತಾಗುವಷ್ಟು ಇಕ್ಕಟ್ಟಾಗಿರುವುದು ಒಳ್ಳೆಯದು. ಬಾಯಿಯ ಅಂಚು ಒಡೆದು ದಾರಿ ಮಾಡಿ, ಚೂಪನ್ನು ಉಜ್ಜಿ ನಯಗೊಳಿಸಿ ಮಗುಚಿಟ್ಟ ಸಣ್ಣ ಮಣ್ಣಿನ ಮಡಕೆ ಅಂಗಡಿಯ ದುಬಾರಿ ಸಾಮಗ್ರಿಯಷ್ಟೇ ಉಪಯುಕ್ತ.

ತಳಕ್ಕೆ ತೆಂಗಿನ ನಾರಿನ ಪುಡಿ ಅಥವಾ ಬರಿಯ ಕಾಗದ ಹಾಸಬಹುದು. ಹೊಸ ಹಾವಿಗೆ ಕಾಗದವೇ ಮೇಲು, ಏಕೆಂದರೆ ಅದರ ಮೇಲೆ ಮಲ ಮತ್ತು ಉಣ್ಣೆಗಳು ಸುಲಭವಾಗಿ ಕಾಣುತ್ತವೆ. ಮೈ ಮುಳುಗುವಷ್ಟು ಅಗಲದ, ಉರುಳದ ನೀರಿನ ಬಟ್ಟಲು ಸದಾ ಇರಬೇಕು. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಹೊಸದನ್ನು ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿಡುವುದು ವಾಡಿಕೆ.

ಬಯಲು ಸೀಮೆಯ ಬೇಸಿಗೆ

ವಿದೇಶಿ ಕೈಪಿಡಿಗಳು ಚಳಿ ದೇಶಗಳಲ್ಲಿ ಬರೆದವು. ಅವು ಹಾವಿಗೆ ಶಾಖ ಕೊಡುವುದನ್ನೇ ಹೇಳುತ್ತವೆ. ಯಾದಗಿರಿ, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಲ್ಲಿನ ಸಮಸ್ಯೆ ತದ್ವಿರುದ್ಧ. ಕಾಡಿನ ಹಾವು ಆ ಹೊತ್ತಿಗೆ ಇಲಿಬಿಲದ ಆಳಕ್ಕೋ ಹುತ್ತದೊಳಕ್ಕೋ ಇಳಿಯುತ್ತದೆ, ಗಾಜಿನ ಪೆಟ್ಟಿಗೆಯ ಹಾವಿಗೆ ಇಳಿಯಲು ಜಾಗವಿಲ್ಲ. ಪೆಟ್ಟಿಗೆಯ ಎಲ್ಲ ಕಡೆಯೂ 35 ಡಿಗ್ರಿ ಮೀರಿದರೆ ಹಾವು ಊಟ ಬಿಡುವುದಿರಲಿ, ಸಾಯುವ ಸಂಭವವಿದೆ. ಶಾಖ ಸಾಧನಕ್ಕೆ ತಾಪ ನಿಯಂತ್ರಕ ಜೋಡಿಸಿರಬೇಕು. ಬೇಸಿಗೆಯಲ್ಲಿ ಅದನ್ನು ಆರಿಸಿ, ಪೆಟ್ಟಿಗೆಯನ್ನು ಬಿಸಿಲು ಬೀಳದ, ದಪ್ಪ ಗೋಡೆಯ ಒಳಕೋಣೆಯ ನೆಲದ ಮೇಲಿಡಬೇಕು. ತಗಡಿನ ಮಾಡಿನ ಕೋಣೆ ಯಾವ ಕಾರಣಕ್ಕೂ ಸಲ್ಲದು.

ಒಣಹವೆಯೂ ಅಷ್ಟೇ ಮುಖ್ಯ. ಬಾಲ್ ಪೈಥಾನ್‌ಗೆ ಸುಮಾರು 60 ಶೇಕಡಾ ತೇವಾಂಶ ಬೇಕು. ಬಯಲು ಸೀಮೆಯ ಬೇಸಿಗೆಯಲ್ಲಿ ಅದು ತಾನಾಗಿ ಸಿಗುವುದಿಲ್ಲ. ಒಂದು ಅಡಗುತಾಣದೊಳಗೆ ಹಿಂಡಿದ ಒದ್ದೆ ನಾರನ್ನು ಇಟ್ಟರೆ ಪೊರೆ ಸರಿಯಾಗಿ ಕಳಚುತ್ತದೆ.

ಮೊದಲ ವಾರ ಮತ್ತು ಮೊದಲ ಊಟ

ಮೊದಲ ಐದರಿಂದ ಏಳು ದಿನ ಹಾವನ್ನು ಎತ್ತಬಾರದು, ನೆಂಟರಿಗೆ ತೋರಿಸಬಾರದು. ನೀರು ಬದಲಿಸುವುದು, ಹೊಲಸು ತೆಗೆಯುವುದು ಇಷ್ಟೇ ಕೆಲಸ. ಪೆಟ್ಟಿಗೆಯ ಮೂರು ಬದಿಗೆ ಕಾಗದ ಅಂಟಿಸಿದರೆ ಓಡಾಟದ ನೆರಳಿಗೆ ಹಾವು ಬೆಚ್ಚುವುದು ಕಡಿಮೆಯಾಗುತ್ತದೆ. ಹಿಂದಿನ ಪಾಲಕರಿಂದ ಅದು ಯಾವ ಆಹಾರವನ್ನು, ಎಷ್ಟು ದೊಡ್ಡದನ್ನು, ಕೊನೆಯ ಬಾರಿ ಯಾವಾಗ ತಿಂದಿತು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಸಣ್ಣ ಇಲಿಗೆ ರೂಢಿಯಾದ ಹಾವು ಹೆಗ್ಗಣದ ಮರಿಯನ್ನು ಆಹಾರವೆಂದೇ ಗುರುತಿಸದಿರಬಹುದು.

ಬೇಟೆಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿರಬೇಕು. ಜೀವಂತ ಇಲಿಯನ್ನು ಬಿಡುವುದು ಇಲಿಗೆ ಹಿಂಸೆ, ಹಾವಿಗೂ ಅಪಾಯ. ಹಸಿದ ಇಲಿ ರಾತ್ರಿಯಿಡೀ ಹಾವಿನ ಬೆನ್ನನ್ನು ಕಡಿದ ಪ್ರಸಂಗಗಳು ಪಶುವೈದ್ಯರಿಗೆ ಪರಿಚಿತ. ಹೊಲ ಮನೆಗಳಲ್ಲಿ ಹಿಡಿದ ಇಲಿಯನ್ನೂ ಕೊಡಬಾರದು, ಅದು ಇಲಿಪಾಷಾಣ ತಿಂದಿರಬಹುದು, ಪರೋಪಜೀವಿಗಳನ್ನು ಹೊತ್ತಿರಬಹುದು. ಆಹಾರಕ್ಕೆಂದೇ ಬೆಳೆಸಿ ಶೀತಲೀಕರಿಸಿದ ಇಲಿಯನ್ನು ಪೂರ್ತಿ ಕರಗಿಸಿ, ಮುಚ್ಚಿದ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಜೀವಂತ ಪ್ರಾಣಿಯ ಮೈಯಷ್ಟು, ಅಂದರೆ 38ರಿಂದ 40 ಡಿಗ್ರಿ, ಬೆಚ್ಚಗಾಗಿಸಬೇಕು. ಮೈಕ್ರೋವೇವ್ ಒಲೆ ಬಳಸಿದರೆ ಒಳಭಾಗ ಬೆಂದು ಹೊಟ್ಟೆ ಒಡೆಯುತ್ತದೆ. ಹೆಬ್ಬಾವುಗಳ ತುಟಿಯಲ್ಲಿ ಶಾಖ ಗ್ರಹಿಸುವ ಕುಳಿಗಳಿರುವುದರಿಂದ ತಣ್ಣಗಿನ ಇಲಿ ಅವಕ್ಕೆ ಬೇಟೆಯಂತೆ ತೋರುವುದೇ ಇಲ್ಲ. ಎಷ್ಟೋ ‘ಹಟಮಾರಿ’ ಹಾವುಗಳು ಇಲಿಯ ತಲೆಯನ್ನು ಇನ್ನಷ್ಟು ಬೆಚ್ಚಗೆ ಮಾಡಿದೊಡನೆ ತಿಂದಿವೆ.

ಕತ್ತಲಾದ ಮೇಲೆ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಅಡಗುತಾಣದ ಬಾಯಿಯ ಬಳಿ ನಿಧಾನವಾಗಿ ಅಲುಗಿಸಬೇಕು. ಮುಖಕ್ಕೆ ತಾಗಿಸಿ ಕೆಣಕಬಾರದು. ಹಿಡಿಯದಿದ್ದರೆ ಅಲ್ಲೇ ಇಟ್ಟು ದೀಪ ಆರಿಸಿ ಹೋಗಬೇಕು. ಬೆಳಗಾದರೂ ಹಾಗೆಯೇ ಇದ್ದರೆ ತೆಗೆದು ಎಸೆಯಬೇಕು, ಮತ್ತೆ ಶೀತಲೀಕರಿಸಬಾರದು. ಮರುಯತ್ನಕ್ಕೆ ಕನಿಷ್ಠ ಒಂದು ವಾರದ ಅಂತರವಿರಬೇಕು. ದಿನವೂ ಒಡ್ಡಿದರೆ ಇಲಿಯ ವಾಸನೆಯೇ ಹಾವಿಗೆ ಕಿರುಕುಳದ ಗುರುತಾಗುತ್ತದೆ. ತಿಂದ ನಂತರ 48 ಗಂಟೆ ಮುಟ್ಟಬಾರದು. ಕಕ್ಕಿದರೆ ಹತ್ತು ಹದಿನಾಲ್ಕು ದಿನ ಬಿಟ್ಟು, ಮೊದಲಿಗಿಂತ ಚಿಕ್ಕ ಬೇಟೆಯನ್ನು ಕೊಡಬೇಕು.

ಹಾಲಿನ ವಿಚಾರ

ಉಣ್ಣದ ಹಾವಿಗೆ ಹಾಲು ಕೊಡಬಹುದೇ ಎಂಬ ಪ್ರಶ್ನೆ ಕನ್ನಡ ನಾಡಿನಲ್ಲಿ ಸಹಜ. ನಾಗರ ಪಂಚಮಿಯಂದು ಹುತ್ತಕ್ಕೂ ನಾಗರಕಲ್ಲಿಗೂ ಹಾಲೆರೆಯುವುದು ಎಲ್ಲೆಡೆ ರೂಢಿ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ಅದೇ ಹಬ್ಬದಂದು ಜನ ಚೇಳುಗಳನ್ನು ಮೈಮೇಲೆ ಬಿಟ್ಟುಕೊಂಡು ಪೂಜಿಸುತ್ತಾರೆ. ಕಲ್ಲಿಗೆ ಎರೆದ ಹಾಲಿನಿಂದ ಯಾವ ಹಾವಿಗೂ ಕೇಡಿಲ್ಲ. ಜೀವಂತ ಹಾವಿನ ಮಾತು ಬೇರೆ. ಹಾವು ಸಸ್ತನಿಯಲ್ಲ, ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಾವಾಡಿಗರ ಹಾವು ಹಾಲು ಕುಡಿದಂತೆ ಕಂಡರೆ ಅದು ದಿನಗಟ್ಟಲೆ ನೀರಿಲ್ಲದೆ ಬಾಯಾರಿದ ಹಾವು; ಆ ಹಾಲು ಶ್ವಾಸಕೋಶಕ್ಕೆ ಇಳಿದು ಸಾವು ತರಬಹುದು. ಮೊಟ್ಟೆಯೂ ಎಲ್ಲ ಹಾವುಗಳ ಆಹಾರವಲ್ಲ. ಬಾಲ್ ಪೈಥಾನ್‌ಗೆ ಇಡೀ ಬೇಟೆಯೇ ಬೇಕು, ಮಾಂಸದ ತುಂಡು ಸಾಲದು.

ಉಪವಾಸ ಯಾವಾಗ ಅಪಾಯ

ಪೊರೆ ಬಿಡುವ ಮುನ್ನ ಕಣ್ಣು ಮಂಜಾದ ದಿನಗಳಲ್ಲಿ ಹೆಚ್ಚಿನ ಹಾವುಗಳು ಉಣ್ಣುವುದಿಲ್ಲ. ಬೆದೆಗಾಲದಲ್ಲಿ ಗಂಡು ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿರುವುದುಂಟು. ಇಂಥ ಉಪವಾಸವನ್ನು ರೋಗದಿಂದ ಬೇರ್ಪಡಿಸುವ ಸಾಧನ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಆಗಾಗ ತೂಗಿ ಬರೆದಿಟ್ಟರೆ, ತೂಕ ನಿಂತಲ್ಲೇ ನಿಂತಿರುವ ಹಾವಿನ ಬಗ್ಗೆ ಚಿಂತಿಸಬೇಕಿಲ್ಲವೆಂದು ತಿಳಿಯುತ್ತದೆ. ಶೇಕಡಾ 10ಕ್ಕಿಂತ ಹೆಚ್ಚು ತೂಕ ಇಳಿದರೆ, ಬೆನ್ನೆಲುಬು ಎದ್ದು ಕಂಡರೆ, ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ ಅಥವಾ ವಸಡು ಕೆಂಪಗೆ ಬಾತರೆ ಸರೀಸೃಪಗಳ ಅನುಭವವಿರುವ ಪಶುವೈದ್ಯರಿಗೆ ತೋರಿಸಬೇಕು. ಮೊಟ್ಟೆಯಿಂದ ಹೊರಬಂದ ಮರಿಗಳ ವಿಷಯದಲ್ಲಿ ಇಷ್ಟು ಕಾಯುವಂತಿಲ್ಲ, ಅವುಗಳಲ್ಲಿ ಕೊಬ್ಬಿನ ಸಂಗ್ರಹ ಕಡಿಮೆ.

ಬಾಯಿಗೆ ತುರುಕಿ ತಿನ್ನಿಸುವುದರಿಂದ ಅನ್ನನಾಳ ಹರಿಯಬಹುದು, ಆಹಾರ ಶ್ವಾಸನಾಳಕ್ಕೆ ಹೋಗಬಹುದು. ವೈದ್ಯರು ಕೊನೆಯ ಉಪಾಯವಾಗಿ ಕೊಳವೆಯ ಮೂಲಕ ದ್ರವಾಹಾರ ಕೊಡುತ್ತಾರೆ. ಸಾಕಲಾಗದ ವಿದೇಶಿ ಹಾವನ್ನು ಹೊಲಕ್ಕೋ ಕಾಲುವೆಗೋ ಬಿಡಬಾರದು. ಅದು ಅಲ್ಲಿ ಸಾಯಬಹುದು, ಬದುಕಿದರೆ ಸ್ಥಳೀಯ ಜೀವಿಗಳಿಗೆ ರೋಗ ಹರಡಬಹುದು. ಅಮೆರಿಕದ ಫ್ಲೋರಿಡಾದ ಜೌಗುಪ್ರದೇಶದಲ್ಲಿ ಸಾಕಣೆಯಿಂದ ತಪ್ಪಿಸಿಕೊಂಡ ಮತ್ತು ಬಿಟ್ಟುಬಿಟ್ಟ ಬರ್ಮಾ ಹೆಬ್ಬಾವುಗಳ ಸಂತತಿ ಅಲ್ಲಿನ ಸಸ್ತನಿಗಳನ್ನು ತೀವ್ರವಾಗಿ ಕುಗ್ಗಿಸಿದೆ. ನೋಂದಾಯಿತ ಹಾವಿನ ಹಸ್ತಾಂತರವನ್ನೂ ಸಾವನ್ನೂ ಮೇಲೆ ಹೇಳಿದ ಜಾಲತಾಣದಲ್ಲಿಯೇ ವರದಿ ಮಾಡಬೇಕಾಗುತ್ತದೆ.