ಹಕ್ಕಿಗಿದ್ದ ದಾರಿ

ಮಕ್ಕಳಿಗೆಂದು ತಂದ ಗ್ಲೋಬೊಂದು ನಮ್ಮ ಮನೆಯಲ್ಲಿದೆ. ಮೊನ್ನೆ ಅದರ ಮೇಲೆ ನೂಲೆಳೆ ಹಿಡಿದು, ಚಿಲಿ ದೇಶದ ರಾಜಧಾನಿ ಸ್ಯಾಂಟಿಯಾಗೊದಿಂದ ಈಸ್ಟರ್ ದ್ವೀಪಕ್ಕಿರುವ ದೂರವನ್ನು ಲೆಕ್ಕ ಹಾಕಿದೆ. ಸುಮಾರು 3,750 ಕಿಲೋಮೀಟರು. ಇಂದಿನ ವಿಮಾನಕ್ಕೆ ಐದು ಗಂಟೆಗಿಂತ ತುಸು ಹೆಚ್ಚಿನ ಪ್ರಯಾಣ. ದ್ವೀಪಕ್ಕೆ ತೀರ ಹತ್ತಿರದ ಜನವಸತಿಯಾದ ಪಿಟ್‌ಕೈರ್ನ್ ಕೂಡ ಸುಮಾರು 2,000 ಕಿಲೋಮೀಟರು ಆಚೆಗಿದೆ. ನೂಲು ಹೇಳುವ ಲೆಕ್ಕ ಇಷ್ಟು. ಚರಿತ್ರೆ ಹೇಳುವ ಲೆಕ್ಕವೇ ಬೇರೆ.

1722ರ ಈಸ್ಟರ್ ಹಬ್ಬದ ದಿನ ಡಚ್ ನಾವಿಕ ಯಾಕೋಬ್ ರೊಗ್ಗೆವೀನ್ ಈ ನೆಲವನ್ನು ಕಂಡದ್ದರಿಂದ ಅದಕ್ಕೆ ಆ ಹೆಸರು. ದ್ವೀಪದವರು ಅದನ್ನು ರಾಪಾ ನುಯಿ ಎನ್ನುತ್ತಾರೆ. ಮೋವಾಯ್ ಎಂಬ ಕಲ್ಲಿನ ಮಹಾಮೂರ್ತಿಗಳನ್ನು ಕಡೆದವರು ಅವರ ಪೂರ್ವಿಕರು. ಇಷ್ಟು ದೂರವಿದ್ದೂ ಆ ಜನಕ್ಕೆ ರಕ್ಷಣೆ ದೊರೆಯಲಿಲ್ಲ. 1862-63ರಲ್ಲಿ ಪೆರುವಿನಿಂದ ಬಂದ ದಾಳಿಕಾರರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಜೀತಕ್ಕೆ ಹಿಡಿದೊಯ್ದರು; ಮರಳಿ ಬಂದ ಕೆಲವರೊಡನೆ ಸಿಡುಬೂ ಬಂತು. 1877ರ ಹೊತ್ತಿಗೆ ಉಳಿದವರು 111 ಮಂದಿ. 1888ರಲ್ಲಿ ಚಿಲಿ ದ್ವೀಪವನ್ನು ತನಗೆ ಸೇರಿಸಿಕೊಂಡಿತು. ಆಮೇಲೆ ನೆಲವೆಲ್ಲ ಕುರಿ ಸಾಕುವ ಕಂಪನಿಯ ಪಾಲಾಗಿ, ನೆಲದ ಮಕ್ಕಳು ಹಂಗಾ ರೋವಾ ಎಂಬ ಒಂದೇ ಊರಿನ ಎಲ್ಲೆಯೊಳಗೆ ಬಾಳಬೇಕಾಯಿತು. 1953ರಲ್ಲಿ ಕಂಪನಿ ಹೋಯಿತು, ನೌಕಾಪಡೆಯ ಆಡಳಿತ ಬಂತು. ಅಪ್ಪಣೆಯಿಲ್ಲದೆ ದ್ವೀಪ ಬಿಡುವಂತಿರಲಿಲ್ಲ. ಸಣ್ಣ ದೋಣಿಗಳಲ್ಲಿ ಗುಟ್ಟಾಗಿ ಹೊರಟವರಲ್ಲಿ ಕೆಲವರು ಕಡಲ ಪಾಲಾದರು.

ವಿಮಾನ ಬರಲಿಲ್ಲವೆ ಎಂದು ಕೇಳಬಹುದು. ಬಂದಿತ್ತು. 1951ರ ಜನವರಿಯಲ್ಲಿ ರೊಬೆರ್ಟೊ ಪರಾಗೆ ಎಂಬ ಚಿಲಿಯ ವೈಮಾನಿಕ, ಲಾ ಸೆರೆನಾ ಪಟ್ಟಣದಿಂದ ಕ್ಯಾಟಲೀನಾ ವಿಮಾನವನ್ನೇರಿ, ಹತ್ತೊಂಬತ್ತು ಗಂಟೆಗೂ ಮೇಲ್ಪಟ್ಟು ಹಾರಿ ಇಲ್ಲಿ ಇಳಿದ. ವಿಮಾನದ ಹೆಸರು ಮನುತಾರಾ. ಅದು ದ್ವೀಪದವರಿಗೆ ಪವಿತ್ರವಾದ ಕಡಲಹಕ್ಕಿಯ ಹೆಸರು; ಅದರ ಮೊದಲ ಮೊಟ್ಟೆಯನ್ನು ತರಲು ಹಿಂದೆ ಗಂಡಸರು ಎದುರಿನ ನಡುಗಡ್ಡೆಗೆ ಈಜಿ ಹೋಗುತ್ತಿದ್ದರು. ಆ ಹಕ್ಕಿ ಋತುವಿಗೆ ಸರಿಯಾಗಿ ಬಂದು ಹೋಗುತ್ತಿತ್ತು. ಅದರ ಹೆಸರು ಹೊತ್ತ ವಿಮಾನವೂ ಬಂದು ಹೋಯಿತು. ದ್ವೀಪದ ಜನ ಮಾತ್ರ ಇದ್ದಲ್ಲೇ ಇದ್ದರು.

1964ರ ಕೊನೆಯಲ್ಲಿ ಆಲ್ಫೊನ್ಸೊ ರಾಪು ಎಂಬ ತರುಣ ಉಪಾಧ್ಯಾಯ, ತನ್ನ ಜನರ ದೂರುಗಳನ್ನೆಲ್ಲ ಬರೆದು ಅಧ್ಯಕ್ಷ ಎಡ್ವರ್ಡೊ ಫ್ರೈಗೆ ಪತ್ರ ಕಳಿಸಿದ. ಗಲಾಟೆಯಾಯಿತು, ಚುನಾವಣೆಯಾಯಿತು, ರಾಪುವೇ ಊರಿನ ಮೇಯರಾದ. 1966ರ ಕಾಯಿದೆಯಿಂದ ದ್ವೀಪದವರಿಗೆ ಪೂರ್ಣ ಪೌರತ್ವ ದೊರೆಯಿತು. ಪ್ರಯಾಣಿಕರ ವಿಮಾನಸಂಚಾರ ಮೊದಲಾದದ್ದು 1967ರಲ್ಲಿ. ನನಗಂತೂ, ದೂರ ಕರಗಿದ್ದು ಆ ಕಾಯಿದೆಯ ವರ್ಷದಲ್ಲಿಯೇ ಎಂದು ತೋರುತ್ತದೆ. 1951ರಲ್ಲಿ ಗೆದ್ದದ್ದು ಕಡಲನ್ನು ಮಾತ್ರ.

ಕತೆ ಅಲ್ಲಿಗೆ ಮುಗಿಯಲಿಲ್ಲ. ದ್ವೀಪಕ್ಕೆ ಬರುವವರ ಸಂಖ್ಯೆ ಬೆಳೆದು, ಕಸವೂ ನೀರಿನ ಚಿಂತೆಯೂ ಬೆಳೆದವು. 2018ರಲ್ಲಿ ಬಂದ ನಿಯಮದಂತೆ ಹೊರಗಿನವರು ಮೂವತ್ತು ದಿನಕ್ಕಿಂತ ಹೆಚ್ಚು ಅಲ್ಲಿ ತಂಗುವಂತಿಲ್ಲ. ಚಿಲಿಯ ಪ್ರವಾಸಿಗರಿಗೂ ಅದೇ ಕಟ್ಟು. ಹಿಂದೆ ಹೊರಡಲು ಅಪ್ಪಣೆ ಬೇಡಿದವರ ಮನೆಯಲ್ಲಿ, ಈಗ ಉಳಿಯಬೇಕೆಂಬ ಅತಿಥಿ ದಿನ ಎಣಿಸಬೇಕು. ನೂಲೆಳೆಯ ಉದ್ದವೇನೋ ಅಷ್ಟೇ ಇದೆ.