ಗೂಡು ಬೆಟ್ಟದಲ್ಲಿ, ಊಟ ಊರಲ್ಲಿ: ರಾಮನಗರದ ರಣಹದ್ದುಗಳ ಕಥೆ

ಇವತ್ತು ನಿಮ್ಮನ್ನ ಒಂದು ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಹೋದರೆ ರಾಮನಗರ. ಅದರ ಪಕ್ಕದಲ್ಲೇ ರಾಮದೇವರ ಬೆಟ್ಟ.

ಈ ಬೆಟ್ಟವನ್ನ ನೀವು ನೋಡಿಲ್ಲ ಅಂದ್ರೂ ಇದರ ಬಂಡೆಗಳನ್ನ ನೋಡಿರ್ತೀರಿ. 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ' ಸಿನಿಮಾದ ರಾಮಗಢ ಇರೋದು ಇಲ್ಲೇ. ಇವತ್ತಿಗೂ ಬರುವವರಲ್ಲಿ ಅರ್ಧ ಜನ ಗಬ್ಬರ್ ಸಿಂಗ್‌ನ ಬಂಡೆ ಎಲ್ಲಿ ಅಂತ ಕೇಳ್ತಾರೆ. ನಾನೂ ಮೊದಲ ಸಲ ಹೋದಾಗ ಅದನ್ನೇ ಕೇಳಿದ್ದೆ. ಆದ್ರೆ ಗೇಟಿನ ಹತ್ತಿರದ ಬೋರ್ಡಲ್ಲಿ ಗಬ್ಬರ್ ಇರಲಿಲ್ಲ, ರಣಹದ್ದು ಇತ್ತು. 2012ರಲ್ಲಿ ಈ ಬೆಟ್ಟವನ್ನು ರಣಹದ್ದುಗಳ ವನ್ಯಧಾಮ ಅಂತ ಸರ್ಕಾರ ಘೋಷಿಸಿತು. ರಣಹದ್ದಿಗಾಗಿಯೇ ಮೀಸಲಾದ ದೇಶದ ಮೊದಲ ವನ್ಯಧಾಮ ಇದು.

ಒಂದು ಸಾಮಾನ್ಯ ಪಕ್ಷಿಗೆ ವನ್ಯಧಾಮ ಯಾಕೆ ಬೇಕಾಯ್ತು? ಇವತ್ತಿನ ಕಥೆ ಅದೇ.

ನಮ್ಮಜ್ಜಿ ಊರು ಮಾಗಡಿ ಕಡೆ. ಅಜ್ಜಿ ಹೇಳೋರು, "ಆಗೆಲ್ಲ ದನ ಸತ್ರೆ ಊರಾಚೆ ಹಾಕಿ ಬರೋದು ಮಗಾ. ಸಂಜೆ ಒಳಗೆ ಮೂಳೆ ಮಾತ್ರ ಉಳಿಯೋದು." ಇದು ಉತ್ಪ್ರೇಕ್ಷೆ ಅಲ್ಲ. ರಣಹದ್ದುಗಳ ಒಂದು ಹಿಂಡು ಇಡೀ ಹಸುವಿನ ಹೆಣವನ್ನು ಗಂಟೆಗಳಲ್ಲೇ ಮುಗಿಸಬಲ್ಲದು. 1980ರ ದಶಕದಲ್ಲಿ ಭಾರತದಲ್ಲಿ ಸುಮಾರು 4 ಕೋಟಿ ರಣಹದ್ದುಗಳಿದ್ದವು ಅನ್ನೋ ಅಂದಾಜಿದೆ. ಸಂಬಳ ಇಲ್ಲದೆ ಕೆಲಸ ಮಾಡ್ತಿದ್ದ ಪೌರಕಾರ್ಮಿಕರು ಅನ್ನಬಹುದು.

1990ರ ದಶಕದಲ್ಲಿ ಅವು ಸಾಯೋಕೆ ಶುರುವಾದವು. ಮೊದಲು ಗಮನಕ್ಕೆ ಬಂದಿದ್ದು ರಾಜಸ್ಥಾನದ ಭರತಪುರದಲ್ಲಿ. ಅಲ್ಲಿನ ಕೇವಲಾದೇವ್ ಉದ್ಯಾನದಲ್ಲಿ ವಿಜ್ಞಾನಿ ವಿಭು ಪ್ರಕಾಶ್ ಅವರಿಗೆ ಮರಗಳ ಮೇಲೆ ಕತ್ತು ಜೋತುಬಿಟ್ಟು ಕೂತ ಹಕ್ಕಿಗಳು, ಕೆಳಗೆ ಸತ್ತುಬಿದ್ದ ಹಕ್ಕಿಗಳು ಕಾಣತೊಡಗಿದವು. 1992ರಿಂದ 2007ರ ನಡುವೆ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99.9ರಷ್ಟು ಮಾಯವಾದವು. ನಮ್ಮ ರಾಮನಗರದ ಬಂಡೆಗಳಲ್ಲಿ ಗೂಡು ಕಟ್ಟೋ ಉದ್ದಕೊಕ್ಕಿನ ಜಾತಿಯೂ ದೇಶದಾದ್ಯಂತ ಸುಮಾರು ಶೇ 97ರಷ್ಟು ಕುಸಿಯಿತು.

ಯಾವುದೋ ವೈರಸ್ ಇರಬೇಕು ಅಂತ ಮೊದಲು ಎಲ್ಲರೂ ಅಂದುಕೊಂಡರು. ನಿಜ ಕಾರಣ ಹೊರಬಂದಿದ್ದು 2004ರಲ್ಲಿ. ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಕೊಲೆಗಾರನನ್ನು ಹಿಡಿದರು. ಅದರ ಹೆಸರು ಡೈಕ್ಲೋಫೆನಾಕ್. ಹೌದು, ಮಂಡಿ ನೋವಿಗೆ ನಾವು ತಗೊಳ್ಳೋ ಅದೇ ನೋವು ನಿವಾರಕ. ದನಗಳಿಗೆ ಬಾವು, ಜ್ವರ, ಕುಂಟು ಅಂದ್ರೆ ಇದೇ ಇಂಜೆಕ್ಷನ್. ಅಗ್ಗ, ಬೇಗ ಕೆಲಸ ಮಾಡುತ್ತೆ. ಇಂಜೆಕ್ಷನ್ ಆದ ಒಂದೆರಡು ದಿನದಲ್ಲಿ ದನ ಸತ್ತರೆ ಔಷಧಿ ಮಾಂಸದಲ್ಲೇ ಉಳಿದಿರುತ್ತೆ. ಅದನ್ನ ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತೆ, ದೇಹದೊಳಗೆಲ್ಲ ಯೂರಿಕ್ ಆಮ್ಲ ಸುಣ್ಣದ ಹಾಗೆ ಕಟ್ಟಿಕೊಳ್ಳುತ್ತೆ. ಕೆಲವೇ ದಿನದಲ್ಲಿ ಹಕ್ಕಿ ಸಾಯುತ್ತೆ.

ಇಲ್ಲಿ ಒಂದು ಲೆಕ್ಕ ಹೇಳ್ಬೇಕು. ಇಡೀ ಜಾತಿ ಕುಸಿಯೋಕೆ ಎಲ್ಲ ಹೆಣಗಳಲ್ಲೂ ವಿಷ ಇರಬೇಕಾಗಿಲ್ಲ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಇದ್ದರೂ ಸಾಕು ಅಂತ ಸಂಶೋಧಕರು ತೋರಿಸಿದರು. ಯಾಕಂದ್ರೆ ಒಂದು ಹೆಣಕ್ಕೆ ಹತ್ತಾರು ಹಕ್ಕಿ ಇಳಿಯುತ್ತವೆ. ಅವು ಇಡೋದಾದರೂ ಎಷ್ಟು? ವರ್ಷಕ್ಕೆ ಒಂದೇ ಮೊಟ್ಟೆ.

ಇದನ್ನ ಓದಿದ ದಿನ ನನಗೆ ನೆನಪಾಗಿದ್ದು ನಮ್ಮಜ್ಜಿ ಮನೆ ಗೌರಿ. ನಾನಾಗ ಪ್ರೈಮರಿ ಸ್ಕೂಲು. ಗೌರಿಗೆ ಕೆಚ್ಚಲು ಬಾವು ಬಂತು. ಇಂಜೆಕ್ಷನ್ ಹಾಕ್ಸಿದ್ರು, ಉಳೀಲಿಲ್ಲ. ಅಜ್ಜಿ ಅತ್ತುಕೊಂಡೇ ಹಣೆಗೆ ಕುಂಕುಮ ಇಟ್ರು. ಆಮೇಲೆ ಎತ್ತಿನ ಗಾಡಿಲಿ ಊರಾಚೆ ಹಳ್ಳದ ಹತ್ರ ಹಾಕಿ ಬಂದ್ರು. ಯಾವ ಔಷಧಿ ಅಂತ ಯಾರೂ ಕೇಳಲಿಲ್ಲ. ಕೇಳಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಸಲ ಹೆಣಕ್ಕೆ ಬಂದಿದ್ದು ಹದ್ದಲ್ಲ, ನಾಯಿಗಳು.

ದೇಶದಲ್ಲೂ ಆಗಿದ್ದು ಅದೇ. ರಣಹದ್ದು ಬಿಟ್ಟ ಜಾಗಕ್ಕೆ ಬೀದಿ ನಾಯಿ ಬಂದವು, ಕೊಳೆತ ಹೆಣ ನೀರಿಗೆ ಸೇರಿತು, ರೋಗ ಹೆಚ್ಚಿತು. 2000ದಿಂದ 2005ರ ನಡುವೆ ಇದರಿಂದ ಸುಮಾರು 5 ಲಕ್ಷ ಹೆಚ್ಚುವರಿ ಜನರ ಸಾವಾಗಿರಬಹುದು ಅಂತ ಅರ್ಥಶಾಸ್ತ್ರಜ್ಞರಾದ ಎಯಾಲ್ ಫ್ರಾಂಕ್, ಅನಂತ್ ಸುದರ್ಶನ್ 2024ರಲ್ಲಿ ಲೆಕ್ಕ ಹಾಕಿದ್ದಾರೆ.

ಭಾರತ 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಕೊಡೋದನ್ನ ನಿಷೇಧಿಸಿತು. ಆದ್ರೆ ಮನುಷ್ಯರಿಗೆ ಅಂತ ಮಾರೋ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗ್ತಾನೇ ಇದ್ದವು. ಹಾಗಾಗಿ 2015ರಲ್ಲಿ ಇಂಜೆಕ್ಷನ್ ಬಾಟಲಿಯನ್ನ 3 ಮಿಲಿಗೆ ಇಳಿಸಿದರು. 2023ರಲ್ಲಿ ಅಸಿಕ್ಲೋಫೆನಾಕ್ ಮತ್ತು ಕೀಟೋಪ್ರೊಫೆನ್ ಕೂಡ ಜಾನುವಾರುಗಳಿಗೆ ನಿಷೇಧವಾದವು. ರಣಹದ್ದಿಗೆ ಅಪಾಯ ಇಲ್ಲದ ಮೆಲಾಕ್ಸಿಕಾಮ್ ಅನ್ನೋ ಔಷಧಿ ಸಿಗುತ್ತೆ.

ಈಗ ಮತ್ತೆ ಬೆಟ್ಟಕ್ಕೆ ಬನ್ನಿ. ಕಳೆದ ಸಲ ಬೆಳಿಗ್ಗೆ ಹೋಗಿದ್ದೆ. ಮೆಟ್ಟಿಲು ಹತ್ತುವಾಗ ಪೊದೆಯಲ್ಲಿ ಹಳದಿ ಕತ್ತಿನ ಪಿಕಳಾರ ಕೂಗ್ತಿತ್ತು. ಅದೂ ಇಂಥ ಕಲ್ಲುಬೆಟ್ಟಗಳಲ್ಲೇ ಕಾಣೋ ಅಪರೂಪದ ಹಕ್ಕಿ. ಬಂಡೆ ಮೇಲೆ ಸುಣ್ಣ ಸುರಿದ ಹಾಗೆ ಬಿಳಿ ಗೆರೆಗಳು ಕಂಡ್ರೆ ಅಲ್ಲಿ ನಿಲ್ಲಿ, ಅದು ಹಿಕ್ಕೆ. ಅದರ ಮೇಲೆ ಗೂಡಿರಬಹುದು. ಬಿಸಿಲೇರಿ ಗಾಳಿ ಬಿಸಿಯಾಗೋವರೆಗೂ ಕಾಯಿರಿ, ರಣಹದ್ದು ಮೇಲೇಳೋದು ಆಗಲೇ. ಕವಲು ಬಾಲ ಇದ್ರೆ ಅದು ನಮ್ಮ ಊರಿನ ಮಾಮೂಲಿ ಹದ್ದು. ಅಗಲವಾದ ರೆಕ್ಕೆ, ತುದಿಯಲ್ಲಿ ಬೆರಳು ಬಿಡಿಸಿದ ಹಾಗೆ ಗರಿ, ಗಿಡ್ಡ ಬಾಲ ಇದ್ರೆ ರಣಹದ್ದು.

ಎರಡು ಗಂಟೆ ಕಾದ ಮೇಲೆ ನನಗೆ ಕಂಡಿದ್ದು ಒಂದೇ ಒಂದು. ರೆಕ್ಕೆ ಬಡಿಯದೆ ಒಂದು ಸುತ್ತು ಹಾಕಿ, ಮಾಗಡಿ ದಿಕ್ಕಿಗೆ ತೇಲಿಹೋಯ್ತು.

ಅದು ಹೋದ ದಾರಿ ನೋಡ್ತಾ ಅನ್ನಿಸಿದ್ದು ಇಷ್ಟೇ. ನಾವು ಬೆಟ್ಟ ಕಾಯ್ತಿದ್ದೀವಿ, ಸರಿ. ಆದ್ರೆ ಅದು ಊಟಕ್ಕೆ ಇಳಿಯೋದು ಬೇಲಿಯಾಚೆಯ ಊರುಗಳಲ್ಲಿ. ನಿಮ್ಮ ಮನೇಲೋ ನೆಂಟರ ಮನೇಲೋ ದನ ಇದ್ರೆ, ಡಾಕ್ಟರ್ ಇಂಜೆಕ್ಷನ್ ತೆಗೆದಾಗ ಒಂದು ಪ್ರಶ್ನೆ ಕೇಳಿ: "ಸಾರ್, ಇದು ಯಾವ ಔಷಧಿ? ಮೆಲಾಕ್ಸಿಕಾಮ್ ಕೊಡಬಹುದಾ?" ನಮ್ಮಜ್ಜಿ ಕೇಳಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ.

ಬೆಟ್ಟಕ್ಕೆ ಹೋದ್ರೆ ಸದ್ದು ಮಾಡಬೇಡಿ, ಡ್ರೋನ್ ಹಾರಿಸಬೇಡಿ.