ನಕ್ಷೆಗಳಿಂದ ಮರಳಿ ಎದ್ದ ಪೇಟೆ

ಪೋಲೆಂಡಿನ ರಾಜಧಾನಿಯಾದ ವಾರ್ಸಾ ನಗರಕ್ಕೆ ಹೋದ ಪ್ರವಾಸಿಗಳು ಅಲ್ಲಿಯ ಹಳೆಯ ಪೇಟೆಯನ್ನು ನೋಡದೆ ಹಿಂದಿರುಗುವುದಿಲ್ಲ. ನಡುವೆ ವಿಶಾಲವಾದ ಸಂತೆಯ ಚೌಕ. ಅದರ ನಾಲ್ಕು ಮಗ್ಗುಲಲ್ಲಿಯೂ ಒಂದಕ್ಕೊಂದು ಹೆಗಲು ತಾಗಿ ನಿಂತ ಬಣ್ಣದ ಮನೆಗಳು. ಇವು ಶತಮಾನಗಳಿಂದ ಹೀಗೆಯೇ ನಿಂತಿವೆಯೆಂದು ನೋಡಿದವರಿಗೆ ತೋರುವುದು ಸಹಜ. ರೂಪವೇನೋ ಹಳೆಯದೇ, ಗೋಡೆಗಳು ಮಾತ್ರ ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ತರುವಾಯ ಎದ್ದವು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ನಾವಿಲ್ಲಿ ವಿಚಾರಿಸೋಣ.

1939ನೆಯ ಸೆಪ್ಟೆಂಬರ್ 1ರಂದು ಜರ್ಮನಿಯು ಪೋಲೆಂಡಿನ ಮೇಲೆ ದಂಡೆತ್ತಿತು. ಅದೇ ತಿಂಗಳ 17ರಂದು ವಾರ್ಸಾದ ಅರಮನೆಗೆ ಬೆಂಕಿ ತಗುಲಿ, ಗೋಪುರದ ಗಡಿಯಾರವು 11 ಗಂಟೆ 15 ನಿಮಿಷಕ್ಕೆ ನಿಂತುಹೋಯಿತು. 1944ನೆಯ ಆಗಸ್ಟ್ 1ರಂದು ನಗರವಾಸಿಗಳು ಬಂಡೆದ್ದು 63 ದಿನ ಹೋರಾಡಿ ಸೋತರು. ಗೆದ್ದವರು ಜನರನ್ನು ಹೊರಗಟ್ಟಿ, ಉಳಿದ ಕಟ್ಟಡಗಳನ್ನು ಬೆಂಕಿಯಿಂದಲೂ ಸಿಡಿಮದ್ದಿನಿಂದಲೂ ಕ್ರಮವಾಗಿ ನಾಶಮಾಡಿದರು. ಹಳೆಯ ನಗರಭಾಗದಲ್ಲಿ ಶೇಕಡಾ 85ಕ್ಕೂ ಮಿಕ್ಕಿ ಹಾಳಾಯಿತು.

ಆದರೆ ಅಲ್ಲಿಯ ಪಾಲಿಟೆಕ್ನಿಕ್ ವಿದ್ಯಾಲಯದ ವಾಸ್ತುಶಿಲ್ಪದ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಯುದ್ಧಕ್ಕೆ ಮೊದಲೇ ಪ್ರಾಚೀನ ಕಟ್ಟಡಗಳನ್ನು ಅಳೆದು ನಕ್ಷೆಗಳನ್ನು ಸಿದ್ಧಪಡಿಸಿದ್ದರು. ಈ ಕಾರ್ಯದ ಮುಂದಾಳುವಾಗಿದ್ದ ಆಚಾರ್ಯ ಓಸ್ಕರ್ ಸೊಸ್ನೊವ್ಸ್ಕಿಯವರು 1939ರ ಮುತ್ತಿಗೆಯಲ್ಲಿ ಗಾಯಗೊಂಡು ತೀರಿಕೊಂಡರು. ಯಾನ್ ಜಖ್ವಾತೊವಿಚ್ ಮೊದಲಾದವರು ಶತ್ರುವಿನ ಆಳ್ವಿಕೆಯಲ್ಲಿಯೂ ಆ ಕೆಲಸವನ್ನು ಗುಟ್ಟಾಗಿ ಮುಂದುವರಿಸಿದರು. ನಗರವು ಉರಿಯುತ್ತಿದ್ದಾಗ ನಕ್ಷೆಗಳನ್ನು ಹೊರಸಾಗಿಸಿ, ಪಿಯೊತ್ರ್ಕೂವ್ ಎಂಬ ಊರಿನ ಸಂನ್ಯಾಸಿಗಳ ಮಠದಲ್ಲಿ ಬಚ್ಚಿಟ್ಟರು.

1945ರಲ್ಲಿ ಜನರು ಹಿಂದಿರುಗಿದಾಗ ಈ ಹಾಳೆಗಳೇ ಅಡಿಗಲ್ಲಾದವು. 18ನೆಯ ಶತಮಾನದಲ್ಲಿ ಆಸ್ಥಾನ ಚಿತ್ರಕಾರನಾಗಿದ್ದ ಬೆರ್ನಾರ್ಡೊ ಬೆಲ್ಲೊಟ್ಟೊ ಬರೆದ ಬೀದಿಗಳ ಚಿತ್ರಗಳೂ ನೆರವಾದವು. 1953ನೆಯ ಜುಲೈ 22ರಂದು ಸಂತೆಯ ಚೌಕವು ಮರಳಿ ತೆರೆಯಿತು. ಅರಮನೆಯನ್ನು ಕಟ್ಟುವ ನಿರ್ಣಯವಾದುದು 1971ರಲ್ಲಿ. ಅದರ ಗಡಿಯಾರವು 1974ನೆಯ ಜುಲೈ 19ರಂದು, ಹಿಂದೆ ನಿಂತ ಅದೇ 11 ಗಂಟೆ 15 ನಿಮಿಷದಿಂದ ಮತ್ತೆ ನಡೆಯತೊಡಗಿತು. 1980ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಪೇಟೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇದೆಲ್ಲವೂ ಹಿಂದಿದ್ದಂತೆಯೇ ಆಯಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಬೆಲ್ಲೊಟ್ಟೊ ತನ್ನ ಚಿತ್ರಗಳಲ್ಲಿ ಕೆಲವು ಕಟ್ಟಡಗಳನ್ನು ಇದ್ದುದಕ್ಕಿಂತ ಅಂದಗೊಳಿಸಿದ್ದನು. ಮನೆಗಳ ಒಳಭಾಗವನ್ನು ಹೊಸ ಕಾಲದ ವಾಸಕ್ಕೆ ಒಪ್ಪುವಂತೆ ಮಾರ್ಪಡಿಸಲಾಯಿತು. ಇವೆಲ್ಲಕ್ಕಿಂತ ದೊಡ್ಡ ಕೊರತೆಯೊಂದುಂಟು. 1940ರಲ್ಲಿ ಗೋಡೆಯೆತ್ತಿ ಯೆಹೂದ್ಯರನ್ನು ಕೂಡಿಹಾಕಿದ್ದ ಕೇರಿಯು 1943ರಲ್ಲಿ ನೆಲಸಮವಾಯಿತು. ಅಲ್ಲಿದ್ದವರಲ್ಲಿ ಬಹುಮಂದಿ ಕೊಲೆಗೀಡಾದರು. ಆ ಕೇರಿ ಮೊದಲಿನಂತೆ ಏಳಲಿಲ್ಲ. ಹಾಳುಮಣ್ಣಿನ ದಿಬ್ಬಗಳ ಮೇಲೆಯೇ ಬೇರೊಂದು ಬಡಾವಣೆ ಎದ್ದಿತು. ಗೋಡೆಯ ಅಳತೆಯನ್ನು ಕಾಗದದಲ್ಲಿ ಕಾದಿಡಬಹುದು, ಮನುಷ್ಯನನ್ನು ಕಾದಿಡಲಾಗದು.

ಆದರೂ ಕಾದಿಡಬಹುದಾದುದನ್ನು ಅಲ್ಲಿಯ ಗುರುಶಿಷ್ಯರು ಕಾದಿಟ್ಟರು. ಅಳತೆಯ ದಾರವನ್ನು ಹಿಡಿದು ಬೀದಿಗಿಳಿದ ಆ ವಿದ್ಯಾರ್ಥಿಗಳಿಗೆ ತಮ್ಮ ಪಾಠದ ಕೆಲಸವೇ ಮುಂದೊಂದು ದಿನ ಪೇಟೆಯನ್ನು ಎಬ್ಬಿಸೀತೆಂಬ ಅರಿವಿದ್ದಿರಲಾರದು. ಊರು ನೆಟ್ಟಗೆ ನಿಂತಿರುವಾಗಲೇ ಅದನ್ನು ಅಳೆದು ಬರೆದಿಡಬೇಕೆಂಬುದು ನಮಗೆ ವಾರ್ಸಾ ಕಲಿಸುವ ಪಾಠ.